ರಾಗಿಗೊಂದು ಖಾತೆ

ಹುಣಸೂರಿನ ಸಹಕಾರ ಸಂಘಕ್ಕೆ ನನ್ನನ್ನು ಮ್ಯಾನೇಜರ್ ಮಾಡಿದಾಗ ಲೆಕ್ಕ ಬರುತ್ತದೆಯೇ ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೂ ಬರುತ್ತದೆ ಎಂದೇ ಹೇಳುತ್ತಿದ್ದೆ. ಮಗ್ಗಿ ಬಾಯಿಗೆ ಬರುತ್ತಿತ್ತು, ಕೂಡುವುದು ಕಳೆಯುವುದು ಬೆರಳ ತುದಿಯಲ್ಲಿತ್ತು, ಇನ್ನೇನು ಬೇಕು ಎಂಬ ಜಂಬ ನನಗೆ. ಅದಕ್ಕೆ ಮೊದಲು ಐದು ವರ್ಷ ಎಚ್.ಡಿ. ಕೋಟೆ ಕಡೆ, ಅಂತರಸಂತೆಯ ಆಚೀಚೆ, ವ್ಯವಸಾಯ ಇಲಾಖೆಯ ಫೀಲ್ಡ್‌ಮನ್ ಆಗಿ ಬೀಜ, ಗೊಬ್ಬರ ಹಂಚುತ್ತ ತಿರುಗಿದ್ದೆ. ಹೊಲದ ಬದುವಿನ ಮೇಲೆ ನಿಂತು ತೆನೆ ನೋಡಿ, ಎಕರೆಗೆ ಎಷ್ಟು ರಾಗಿ ಬಂದೀತು ಎಂದು ಹೇಳುತ್ತಿದ್ದೆ. ಹೇಳಿದ್ದು ಹೆಚ್ಚು ಕಡಿಮೆ ನಿಜವಾಗುತ್ತಿತ್ತು. ರೈತರು ನಂಬುತ್ತಿದ್ದರು. ಆ ನಂಬಿಕೆಯ ಮೇಲೆಯೇ ಸಂಘದವರು ನನ್ನನ್ನು ತಂದು ಕೂರಿಸಿದರು. ತಿಂಗಳಿಗೆ ಅರವತ್ತು ರೂಪಾಯಿ ಸಂಬಳ, ಒಂದು ಮೇಜು, ಒಂದು ಕಬ್ಬಿಣದ ಪೆಟ್ಟಿಗೆ, ಉಗ್ರಾಣದ ಎರಡು ಬೀಗದ ಕೈಗಳಲ್ಲಿ ಒಂದು.

ಇನ್ನೊಂದು ಬೀಗದ ಕೈ, ಸಂಘದಲ್ಲಿ ಕಾಳು ಅಳೆಯುವ ಅಳತೆಯವನ ಹತ್ತಿರ ಇರುತ್ತಿತ್ತು. ಆತ ಕಟ್ಟೆಮಳಲವಾಡಿಯವನು, ವಯಸ್ಸು ಐವತ್ತು ದಾಟಿತ್ತು, ಓದು ಬರಹ ಬರುತ್ತಿರಲಿಲ್ಲ. ದಿನವೂ ನಡೆದೇ ಬಂದು ನಡೆದೇ ಹೋಗುತ್ತಿದ್ದ. ನನಗಿಂತ ಇಪ್ಪತ್ತು ವರ್ಷ ದೊಡ್ಡವನಾದರೂ ನನ್ನನ್ನು ‘ಬುದ್ದಿ’ ಎಂದೇ ಕರೆಯುತ್ತಿದ್ದ. ನಾನು ಅವನನ್ನು ಏಕವಚನದಲ್ಲೇ ಮಾತಾಡಿಸುತ್ತಿದ್ದೆ. ಆಗ ಅದು ಹಾಗೇ ನಡೆಯುತ್ತಿತ್ತು. ಈಗ ಬರೆಯುವಾಗ ಕೈ ತಡೆಯುತ್ತದೆ.

ಸಂಘದ ಕೆಲಸ ಸುಲಭವಾಗಿ ಹೇಳಬಹುದಾದದ್ದು. ಸುಗ್ಗಿಯಲ್ಲಿ ರೈತರಿಂದ ರಾಗಿ ಕೊಳ್ಳುವುದು, ಉಗ್ರಾಣದಲ್ಲಿಡುವುದು, ಮಳೆಗಾಲದಲ್ಲಿ ಊರಿನ ಜನಕ್ಕೆ ಹೆಚ್ಚು ಲಾಭವಿಲ್ಲದೆ ಮಾರುವುದು. ಸಂಘ ಹುಟ್ಟಿದ್ದೇ ಬಜಾರಿನ ಮಂಡಿಯವರ ಮೇಲಿನ ಸಿಟ್ಟಿಗೆ. ಮಂಡಿಯವರು ರೈತನಿಂದ ಕೊಳ್ಳುವಾಗ ಸೇರನ್ನು ತುಂಬಿ ಮೇಲೆ ಗುಪ್ಪೆ ಬರುವ ತನಕ ಸುರಿಸಿಕೊಳ್ಳುತ್ತಿದ್ದರು. ಮಾರುವಾಗ ಅದೇ ಸೇರಿನ ಅಂಚಿನ ಮೇಲೆ ಕೋಲು ಎಳೆದು, ಗುಪ್ಪೆಯನ್ನು ಸವರಿ ಕೊಡುತ್ತಿದ್ದರು. ಇದನ್ನು ನೋಡಿ ಚಿಕ್ಕಂದಿನಿಂದ ನನಗೆ ಮೈ ಉರಿಯುತ್ತಿತ್ತು.

ಅದಕ್ಕೇ ಮೊದಲ ದಿನವೇ, ನಾಲ್ಕು ಜನರ ಎದುರಿಗೆ, ಅಳತೆಯವನಿಗೆ ಜೋರಾಗಿ ಹೇಳಿದೆ. ರೈತನಿಂದ ಕೊಳ್ಳುವಾಗ ಸವರಿ ಅಳೆ, ಜನಕ್ಕೆ ಕೊಡುವಾಗ ಗುಪ್ಪೆ ಬರಲಿ. ನೆರೆದವರ ಮುಖ ಅರಳಿತು. ನನ್ನ ಎದೆ ಒಂದಂಗುಲ ಉಬ್ಬಿತು. ನಮ್ಮ ಮನೆಯಲ್ಲಿ, ಕೃಷ್ಣರಾಜನಗರದ ಕಡೆಯ ಹಳ್ಳಿಯಲ್ಲಿ, ಹೊರಗೆ ಹೋಗುವ ಕಾಳನ್ನು ಸವರಿ ಕೊಟ್ಟ ನೆನಪೇ ನನಗಿಲ್ಲ. ಕೂಲಿಗಾಗಲಿ, ದೇವರ ಹೆಸರಿಗಾಗಲಿ, ನೆರೆಮನೆಗೆ ಕೈಗಡ ಕೊಡುವಾಗಲಾಗಲಿ, ಅವ್ವ ಗುಪ್ಪೆ ಬರುವ ಹಾಗೇ ಅಳೆಯುತ್ತಿದ್ದಳು. ಗುಪ್ಪೆ ಎಷ್ಟೇ ಬರಲಿ, ಲೆಕ್ಕಕ್ಕೆ ಅದು ಒಂದೇ ಸೇರು. ಅದನ್ನು ಒಂದಕ್ಕಿಂತ ಹೆಚ್ಚು ಎಂದು ಎಣಿಸುವ ಯೋಚನೆಯೇ ನಮ್ಮಲ್ಲಿ ಯಾರಿಗೂ ಬಂದಿರಲಿಲ್ಲ.

ಆ ವರ್ಷ ಸಂಘದ ಮುಂದೆ ಜಾತ್ರೆಯ ಹಾಗೆ ಜನ. ಪಿರಿಯಾಪಟ್ಟಣದ ಕಡೆಯಿಂದಲೂ ಚೀಲ ಹಿಡಿದು ಬರುತ್ತಿದ್ದರು. ಆಗಿನ್ನೂ ನಯಾಪೈಸೆ ಬಂದಿರಲಿಲ್ಲ, ರೂಪಾಯಿ ಆಣೆ ಕಾಸಿನ ಕಾಲ. ದಿನದ ಕೊನೆಗೆ ಮಾರಾಟದ ಚೀಟಿ ಕೂಡಿ ಪೆಟ್ಟಿಗೆಯ ದುಡ್ಡು ಎಣಿಸಿದರೆ ಕಾಸಿಗೆ ಕಾಸು ತಾಳೆಯಾಗುತ್ತಿತ್ತು. ನನಗೆ ಲೆಕ್ಕವೆಂದರೆ ಅಷ್ಟೇ. ಪೆಟ್ಟಿಗೆ ತಾಳೆಯಾದ ಮೇಲೆ ನಿದ್ದೆ ಚೆನ್ನಾಗಿ ಬರುತ್ತಿತ್ತು.

ವರ್ಷದ ಕೊನೆಗೆ ಮೈಸೂರಿನಿಂದ ಆಡಿಟರು ಬಂದರು. ಸಣಕಲು ಮನುಷ್ಯ, ಮಾತು ಕಡಿಮೆ. ನನ್ನ ನಗದು ಪುಸ್ತಕವನ್ನು ಒಂದು ಗಂಟೆಯಲ್ಲಿ ತಿರುವಿ ಪಕ್ಕಕ್ಕಿಟ್ಟರು. ಮೆಚ್ಚುಗೆಯ ಮಾತು ಬರುತ್ತದೆಂದು ನಾನು ಕಾಯುತ್ತಿದ್ದೆ. ಅವರು ದಾಸ್ತಾನು ಪುಸ್ತಕ ಕೇಳಿದರು. ಉಗ್ರಾಣಕ್ಕೆ ಬಂದ ರಾಗಿ ಎಷ್ಟು, ಹೋದದ್ದೆಷ್ಟು, ಉಳಿದದ್ದೆಷ್ಟು ಎಂದು ಬರೆಯುವ ಪುಸ್ತಕ. ಅಂಥದೊಂದು ಇರಬೇಕೆಂದೇ ನನಗೆ ತಿಳಿದಿರಲಿಲ್ಲ. ಅವರು ಕೊಂಡ ಚೀಟಿ, ಮಾರಿದ ಚೀಟಿ ಎಲ್ಲವನ್ನೂ ತರಿಸಿ ತಾವೇ ಕೂಡಿದರು. ಕೊಂಡದ್ದು ಮುನ್ನೂರ ಇಪ್ಪತ್ತು ಪಲ್ಲ. ಮಾರಿದ್ದು ಇನ್ನೂರ ಎಪ್ಪತ್ತು. ಪಲ್ಲಕ್ಕೆ ನೂರು ಸೇರು. ಐವತ್ತು ಪಲ್ಲ ಉಗ್ರಾಣದಲ್ಲಿ ಇರಬೇಕು.

ಅಳೆಸಿದರು. ಹದಿನಾರು ಪಲ್ಲ ಇತ್ತು.

ಎರಡನೆಯ ಸಲ ಅಳೆಸಿದರು. ಹದಿನಾರೇ. ಮೂವತ್ತನಾಲ್ಕು ಪಲ್ಲ ರಾಗಿ, ಆಗಿನ ಬೆಲೆಯಲ್ಲಿ ಸಾವಿರದ ನೂರು ರೂಪಾಯಿಗೂ ಮೇಲೆ. ಒಂದು ಕಾಸೂ ತಿನ್ನದೆ ದುಡಿದರೂ ನನ್ನ ಒಂದೂವರೆ ವರ್ಷದ ಸಂಬಳ ಅದಕ್ಕೆ ಸಾಲುತ್ತಿರಲಿಲ್ಲ. ಅಳತೆಯವನು ಮಾತ್ರ ಸೇರು ಕೆಳಗಿಟ್ಟು, ಹೆಗಲ ಮೇಲಿನ ಟವೆಲ್ಲಿನಲ್ಲಿ ಮುಖ ಒರೆಸಿಕೊಂಡು ಅಂದ:

“ಎಲ್ಲೋಯ್ತದೆ ಬುದ್ದಿ? ಜನದ ಮನೇಲದೆ.”

ಆ ಮಾತು ಕೇಳಿ ನನಗೆ ಪಿತ್ತ ನೆತ್ತಿಗೇರಿತು. ಕದ್ದು ಮಾರಿಕೊಂಡು ನನ್ನ ಮುಖಕ್ಕೇ ಹೇಳುತ್ತಿದ್ದಾನಲ್ಲ ಎಂದುಕೊಂಡೆ. ಒಮ್ಮೆ ಹಾಗೆ ಅಂದುಕೊಂಡ ಮೇಲೆ ಎಲ್ಲವೂ ಅದಕ್ಕೆ ಹೊಂದಿಕೊಂಡಿತು. ಆ ವರ್ಷವೇ ಅವನು ಮಗಳ ಮದುವೆ ಮಾಡಿದ್ದ. ಇಪ್ಪತ್ತೆರಡು ರೂಪಾಯಿ ಸಂಬಳದವನು ಎರಡು ದಿನ ಊಟ ಹಾಕಿಸಿದ್ದ. ನಾನೂ ಹೋಗಿ ಉಂಡು ಬಂದಿದ್ದೆ. ಅವತ್ತು ಹೊಗಳಿಕೊಂಡು ಉಂಡ ಪಾಯಸ ಈಗ ನೆನೆದರೆ ಸಂಘದ ರಾಗಿಯ ದುಡ್ಡಿನದು ಎನಿಸಿತು.

ಆಡಿಟರು ಬೀಗದ ಕೈ ಯಾರ ಯಾರ ಹತ್ತಿರ ಇದೆ ಎಂದು ಕೇಳಿದರು. ಇಬ್ಬರ ಹೆಸರನ್ನೂ ಬರೆದುಕೊಂಡರು. ಇಬ್ಬರಲ್ಲಿ ಒಬ್ಬರು ಉತ್ತರ ಹೇಳಬೇಕಾಗುತ್ತದೆ, ಇಲ್ಲದಿದ್ದರೆ ವಿಷಯ ಪೊಲೀಸಿಗೆ ಹೋಗುತ್ತದೆ ಎಂದರು. ಅದರಲ್ಲಿ ಕೋಪವಿರಲಿಲ್ಲ. ಇರುವುದನ್ನು ಇದ್ದ ಹಾಗೆ ಹೇಳಿದರು. ಆದರೆ ನನಗೆ ಅವತ್ತು ಇಡೀ ದಿನ ಆ ಎರಡು ಹೆಸರುಗಳೇ ಕಣ್ಣ ಮುಂದೆ. ಹೇಗಾದರೂ ಅದರಲ್ಲಿ ಒಂದೇ ಉಳಿಯಬೇಕು, ಅದು ನನ್ನದಾಗಬಾರದು.

ಸಂಜೆ ಒಂದು ಕಾಗದ ಬರೆದೆ. ಉಗ್ರಾಣದಲ್ಲಿ ಕಡಿಮೆ ಬಿದ್ದ ರಾಗಿಯನ್ನು ನಾನೇ ಸ್ವಂತಕ್ಕೆ ತೆಗೆದುಕೊಂಡಿರುತ್ತೇನೆ, ಅದರ ಬೆಲೆಗೆ ನಾನೇ ಹೊಣೆ ಎಂದು, ಅಳತೆಯವನ ಬಾಯಲ್ಲಿ ಹೇಳಿದ ಹಾಗೆ. ಅವನನ್ನು ಕರೆದು, ಆಡಿಟಿನ ಕಾಗದ, ಒತ್ತು ಎಂದೆ. ಅವನು ಎಡಗೈ ಹೆಬ್ಬೆರಳನ್ನು ಮಸಿಗೆ ಅದ್ದಿ, ನಾನು ತೋರಿಸಿದ ಕಡೆ ಒತ್ತಿದ. ಓದಿ ಹೇಳಿ ಎಂದು ಅವನು ಕೇಳಲಿಲ್ಲ. ನಾನೂ ಓದಿ ಹೇಳಲಿಲ್ಲ. ಬೆರಳನ್ನು ಗೋಡೆಗೆ ಒರೆಸಿಕೊಂಡು, ಹೊತ್ತಾಯ್ತು ಬತ್ತೀನಿ ಬುದ್ದಿ ಎಂದು ಹೊರಟ. ಅವನು ಕಳ್ಳ ಎಂದು ನಾನು ನಂಬಿದ್ದೆ, ನಿಜ. ಆದರೆ ನಂಬಿದ್ದವನು ಕಾಗದವನ್ನು ಗಟ್ಟಿಯಾಗಿ ಓದುವುದಕ್ಕೆ ಯಾಕೆ ಹೆದರಿದೆ?

ಮರುದಿನ ಸೋಮವಾರ. ಆಡಿಟರು ಕೃಷ್ಣರಾಜನಗರದ ಬಸ್ಸಿಗೆ ಕಾಯುತ್ತಿದ್ದರು, ಅಲ್ಲಿ ಇನ್ನೊಂದು ಸಂಘದ ಲೆಕ್ಕ ನೋಡುವುದಿತ್ತು. ಕಾಗದ ಕೊಟ್ಟೆ. ಓದಿ, ಮಡಿಸಿ ಚೀಲದೊಳಗಿಟ್ಟುಕೊಂಡರು.

“ತಗೊಂಡಿದ್ದಾನೆ ಅಂತಾಯ್ತು. ಯಾವಾಗ, ಎಷ್ಟೆಷ್ಟು? ತಿಂಗಳುವಾರು ದಾಸ್ತಾನು ಲೆಕ್ಕ ಬರೆದು ಶನಿವಾರದೊಳಗೆ ಕೃಷ್ಣರಾಜನಗರದ ಬಂಗಲೆಗೆ ತನ್ನಿ. ಅವತ್ತು ವರದಿ ಮೈಸೂರಿಗೆ ಹೋಗುತ್ತೆ” ಎಂದರು.

ಹೀಗೆ ನಾನು ಲೆಕ್ಕ ಕಲಿಯಲು ಹೊರಟದ್ದು ಒಬ್ಬನನ್ನು ಕಳ್ಳನೆಂದು ತೋರಿಸುವುದಕ್ಕೆ. ಕಲಿಸುವವರು ಯಾರು? ಊರಿನಲ್ಲಿ ಮಾಲಿನ ಲೆಕ್ಕ ಚೆನ್ನಾಗಿ ಬಲ್ಲವರು ಎಂದರೆ ಬಜಾರಿನ ದೊಡ್ಡ ಮಂಡಿಯ ಸಾಹುಕಾರರು. ಯಾರ ವ್ಯಾಪಾರ ಮುರಿಯಲು ಸಂಘ ಕಟ್ಟಿದ್ದೆವೋ ಅವರೇ. ಸೋಮವಾರವೆಲ್ಲ ಅವರ ಅಂಗಡಿ ಇರುವ ಬೀದಿಯಲ್ಲಿ ಎರಡು ಸಲ ಹೋಗಿ ಎರಡು ಸಲ ವಾಪಸು ಬಂದೆ. ಮಂಗಳವಾರ ಬೆಳಿಗ್ಗೆ ಮಾನ ಮರ್ಯಾದೆ ಕಟ್ಟಿಟ್ಟು ಮೆಟ್ಟಿಲು ಹತ್ತಿದೆ. ಸಾಹುಕಾರರು ಆಗಷ್ಟೇ ಪೂಜೆ ಮುಗಿಸಿ, ಹಣೆ ತುಂಬ ವಿಭೂತಿ ಹಚ್ಚಿಕೊಂಡು ಗಾದಿಯ ಮೇಲೆ ಕೂತಿದ್ದರು. ದಾರಿ ತಪ್ಪಿ ಬಂದಿರೇನು ಎಂದು ಕೇಳಿ ಮೀಸೆಯಡಿಯಲ್ಲೇ ನಕ್ಕರು. ನಾನು ರಾಗಿ ಕಡಿಮೆ ಬಿದ್ದದ್ದನ್ನು ಹೇಳಿದೆ, ಲೆಕ್ಕ ಬರೆಯುವುದು ಗೊತ್ತಿಲ್ಲ ಎಂದೂ ಹೇಳಿದೆ. ಕಾಗದದ ವಿಷಯ ಹೇಳಲಿಲ್ಲ. ನಗು ನಿಂತಿತು. ಕಾಫಿ ತರಿಸಿದರು, ಒಂದು ಹಳೆಯ ಖಾತೆ ಪುಸ್ತಕ ಬಿಚ್ಚಿದರು.

ಮೂರು ಬೆಳಿಗ್ಗೆ ಅವರ ಮುಂದೆ ಮಗ್ಗಲು ಬದಲಿಸದೆ ಕೂತೆ. ನನ್ನ ಅಜ್ಞಾನ ಎಷ್ಟು ಅಗಲವಾದದ್ದು ಎಂದು ಮೊದಲ ದಿನವೇ ತಿಳಿಯಿತು. ಪೆಟ್ಟಿಗೆಯಲ್ಲಿ ಎಷ್ಟು ದುಡ್ಡಿದೆ ಎಂದು ಕೇಳಿದರು. ಹೇಳಿದೆ. ಅದರಲ್ಲಿ ಲಾಭ ಎಷ್ಟು ಎಂದರು. ಎಲ್ಲ ಎಂದೆ. ಅವರು ತಲೆಯ ಮೇಲೆ ಕೈ ಇಟ್ಟುಕೊಂಡರು. ಅದರಲ್ಲಿ ಸದಸ್ಯರು ಕಟ್ಟಿದ ಷೇರಿನ ದುಡ್ಡಿದೆ, ಇನ್ನೂ ಕೊಡಬೇಕಾದ ರೈತರ ಬಾಕಿ ಇದೆ, ಉಗ್ರಾಣದ ಬಾಡಿಗೆ ಇದೆ, ನಿಮ್ಮ ಸಂಬಳವೂ ಇದೆ, ಅದನ್ನೆಲ್ಲ ಕಳೆದ ಮೇಲಲ್ಲವೇ ಲಾಭ ಎಂದು ಒಂದೊಂದಾಗಿ ಬಿಡಿಸಿದರು. ಕಳೆಯುತ್ತಾ ಹೋದ ಹಾಗೆ ನನ್ನ ತುಂಬಿದ ಪೆಟ್ಟಿಗೆ ಖಾಲಿಯಾಯಿತು. ದಿನದ ಕಿರ್ದಿ ಬರೆಯುವುದು, ಅದರಿಂದ ಒಬ್ಬೊಬ್ಬರ ಖಾತೆಗೆ ಏರಿಸುವುದು, ಜಮಾ ಯಾವುದು, ಖರ್ಚು ಯಾವುದು, ಎಲ್ಲವನ್ನೂ ಬರೆಸಿದರು. ತಪ್ಪಿದರೆ ಪೆನ್ಸಿಲಿನಿಂದ ನನ್ನ ಬೆರಳ ಗೆಣ್ಣಿಗೆ ಒಂದು ಏಟು. ಮೂವತ್ತು ದಾಟಿದ ಮ್ಯಾನೇಜರಿಗೆ!

“ರಾಗೀನೂ ಒಬ್ಬ ಆಸಾಮಿ ಅಂತ ತಿಳ್ಕಳಿ. ಅವನ ಹೆಸ್ರಲ್ಲೊಂದು ಖಾತೆ ತೆಗೀರಿ. ದುಡ್ಡಿನ ಹಿಂದೆ ಹೋದ್ರೆ ಮಾಲು ಕಾಣಕಿಲ್ಲ ಕಣ್ರೀ” ಎಂದರು.

ರಾಗಿಗೊಂದು ಖಾತೆ ತೆಗೆದೆ. ಹಗಲೆಲ್ಲ ಸಂಘದಲ್ಲಿ ಕೂತು ಚೀಟಿಗಳನ್ನು ತಿಂಗಳುವಾರು ಜೋಡಿಸುತ್ತಿದ್ದೆ. ಅಳತೆಯವನು ಎಂದಿನ ಹಾಗೆ ಬರುತ್ತಿದ್ದ, ಉಗ್ರಾಣ ಗುಡಿಸುತ್ತಿದ್ದ. ಬಾಗಿಲಲ್ಲಿ ನಿಂತು, ಕಡಿಮೆ ಬಿದ್ದದ್ದು ಸಿಕ್ಕಿತೇ ಎಂದು ದಿನಕ್ಕೊಂದು ಸಲ ಕೇಳುತ್ತಿದ್ದ. ನನ್ನ ಮುಖ ಸಣ್ಣಗಾಗಿದೆ, ಹೊತ್ತಿಗೆ ಸರಿಯಾಗಿ ಊಟ ಮಾಡಿ ಎಂದೂ ಹೇಳಿದ. ಅವನ ದನಿ ಕೇಳಿದರೆ ನನ್ನ ಪೆನ್ನು ತಾನಾಗಿ ನಿಲ್ಲುತ್ತಿತ್ತು. ಕಳ್ಳನಾದವನು ಹೀಗಿರುತ್ತಾನೆಯೇ ಎಂದು ಒಂದು ಮನಸ್ಸು, ಪಕ್ಕಾ ಕಳ್ಳ ಹೀಗೇ ಇರುವುದು ಎಂದು ಇನ್ನೊಂದು. ಎರಡನೆಯದನ್ನೇ ಗಟ್ಟಿಯಾಗಿ ಹಿಡಿದುಕೊಂಡೆ. ಅದನ್ನು ಬಿಟ್ಟರೆ ಆಡಿಟರ ಚೀಲದಲ್ಲಿರುವ ಕಾಗದ ಏನಾಗಬೇಕು?

ಗುರುವಾರ ಬೆಳಿಗ್ಗೆ ಖಾತೆ ಮುಗಿಯಿತು. ಕೂಡಿದ್ದೆಲ್ಲ ಸರಿ, ಮೂವತ್ತನಾಲ್ಕು ಪಲ್ಲದ ಗುಂಡಿ ಮಾತ್ರ ಹಾಗೇ ಇತ್ತು. ಸಾಹುಕಾರರ ಮುಂದೆ ಪುಸ್ತಕ ಇಟ್ಟು ಕೂತಿದ್ದೆ. ಅಂಗಡಿಯ ಮುಂಭಾಗದಲ್ಲಿ ಅವರ ಆಳು ಒಬ್ಬ ಹೆಂಗಸಿಗೆ ರಾಗಿ ಅಳೆಯುತ್ತ ಸೇರಿನ ಮೇಲೆ ಕೋಲು ಎಳೆದ. ನನ್ನ ಹಳೆಯ ಉರಿ ಎದ್ದಿತು. ಕಲಿಸಿದ ಗುರು ಎಂಬುದನ್ನೂ ನೋಡದೆ, ನಮ್ಮ ಸಂಘದಲ್ಲಿ ಇಂಥದು ನಡೆಯುವುದಿಲ್ಲ, ನಾವು ಸವರಿ ಕೊಳ್ಳುತ್ತೇವೆ, ಗುಪ್ಪೆ ಕಟ್ಟಿ ಕೊಡುತ್ತೇವೆ ಎಂದುಬಿಟ್ಟೆ.

ಸಾಹುಕಾರರು ಪೆನ್ಸಿಲ್ ಕೆಳಗಿಟ್ಟರು. ಜಗಳಕ್ಕೆ ಬರುತ್ತಾರೆಂದುಕೊಂಡೆ. ಅವರು ನನ್ನನ್ನೇ ನೋಡುತ್ತ ಕೇಳಿದರು:

“ಗುಪ್ಪೆ ಸೇರಿಗೆ ಖಾತೇಲಿ ಎಷ್ಟು ಬರ್ದಿದ್ದೀರಿ?”

ಒಂದು ಸೇರು ಎಂದೆ.

ಅವರು ಎದ್ದು, ಆಳಿನ ಕೈಯಿಂದ ಸೇರು ತರಿಸಿ ನೆಲದ ಮೇಲೆ ಗೋಣಿ ಹಾಸಿದರು. ನನ್ನ ಕೈಯಲ್ಲೇ ಹದಿನಾರು ಗುಪ್ಪೆ ಸೇರು ಅಳೆಸಿದರು. ಆ ರಾಶಿಯನ್ನೇ ಮತ್ತೆ ಸವರಿ ಅಳೆಯಿರಿ ಎಂದರು. ಹದಿನಾರು ಆಯಿತು, ಹದಿನೇಳು ಆಯಿತು, ಹದಿನೆಂಟು ಆಯಿತು, ಗೋಣಿ ಬರಿದಾಯಿತು. ಹದಿನಾರಕ್ಕೆ ಎರಡು ಸೇರು ಹೆಚ್ಚು. ಗೋಣಿಯ ಮೇಲೆಯೇ ಕೂತು ಲೆಕ್ಕ ಹಾಕಿದೆ. ಇನ್ನೂರ ಎಪ್ಪತ್ತು ಪಲ್ಲ ಎಂದು ಬರೆದು ನಾನು ಜನಕ್ಕೆ ಕೊಟ್ಟದ್ದು ಮುನ್ನೂರ ಮೂರು ಪಲ್ಲ, ಮೇಲೆ ಎಪ್ಪತ್ತೈದು ಸೇರು. ಮೂವತ್ತನಾಲ್ಕು ಪಲ್ಲದಲ್ಲಿ ಇಪ್ಪತ್ತೈದು ಸೇರು ಬಿಟ್ಟು ಮಿಕ್ಕಿದ್ದೆಲ್ಲ ನನ್ನ ಗುಪ್ಪೆಯಲ್ಲಿ ಹೋಗಿತ್ತು. ಕದ್ದವರು ಯಾರೂ ಇರಲಿಲ್ಲ. ಅಳತೆಯವನು ಜನದ ಮನೆಯಲ್ಲಿದೆ ಎಂದದ್ದು ಅಕ್ಷರಶಃ ನಿಜ. ಪಿರಿಯಾಪಟ್ಟಣದಿಂದ ಬಂದ ಹೆಂಗಸರಿಗೂ ಗೊತ್ತಿದ್ದದ್ದು ಮ್ಯಾನೇಜರಿಗೆ ಗೊತ್ತಿರಲಿಲ್ಲ.

“ಇಡೀ ಬಜಾರಿಗೇ ಗೊತ್ತಿತ್ತು. ನೀವು ಗೊತ್ತಿದ್ದೇ ದಾನ ಮಾಡ್ತಿದ್ದೀರಿ ಅಂತ ನಾವಂದ್ಕೊಂಡಿದ್ದೋ” ಎಂದರು ಸಾಹುಕಾರರು.

ಆಗ ಕಾಗದದ ವಿಷಯ ಹೇಳಿದೆ. ಅವರು ಬೈಯಲಿಲ್ಲ. ಪುಸ್ತಕ ಮುಚ್ಚಿ ನನ್ನ ಕೈಗೆ ಕೊಟ್ಟು ಒಳಗೆ ಹೋದರು. ಬೈದಿದ್ದರೆ ಎಷ್ಟೋ ವಾಸಿ ಇತ್ತು.

ಶುಕ್ರವಾರ ಲೆಕ್ಕವನ್ನು ಚೊಕ್ಕವಾಗಿ ಇನ್ನೊಮ್ಮೆ ಬರೆದೆ. ಅಂದೇ ಹೊರಡಬಹುದಿತ್ತು, ಹೊರಡಲಿಲ್ಲ. ಸುಮ್ಮನಿದ್ದುಬಿಟ್ಟರೆ ಏನಾಗುತ್ತದೆ ಎಂದು ಇಡೀ ದಿನ ಯೋಚಿಸಿದೆ. ಕಾಗದ ಮೈಸೂರಿಗೆ ಹೋಗುತ್ತದೆ, ನನ್ನ ಹೆಸರು ಉಳಿಯುತ್ತದೆ, ಅವನು ಜೈಲಿಗೆ ಹೋಗುತ್ತಾನೆ. ನನಗೂ ಎರಡು ಮಕ್ಕಳಿದ್ದವು. ನಾನು ದೊಡ್ಡ ಮನುಷ್ಯನಲ್ಲ, ಆ ಯೋಚನೆಯನ್ನು ಬೇಗ ತಳ್ಳಿಹಾಕಿದೆ ಎಂದು ಬರೆದರೆ ಸುಳ್ಳಾಗುತ್ತದೆ. ಸಂಜೆ ಅವನು ಎಂದಿನಂತೆ ಬಂದು, ಬತ್ತೀನಿ ಬುದ್ದಿ ಎಂದಾಗ ತಲೆ ಎತ್ತಲು ನನ್ನಿಂದಾಗಲಿಲ್ಲ. ಹೀಗೆ ದಿನವೂ ತಲೆ ತಗ್ಗಿಸಿ ಬದುಕಲು ಆಗದು ಎಂದು ತಿಳಿದದ್ದು ಆಗ.

ಶನಿವಾರ ಮೊದಲ ಬಸ್ಸು ಹಿಡಿದೆ. ಅರ್ಧ ದಾರಿಯಲ್ಲಿ ಟೈರು ಪಂಕ್ಚರಾಯಿತು. ಡ್ರೈವರು ಬೀಡಿ ಹಚ್ಚಿಕೊಂಡು ನಿಧಾನವಾಗಿ ನಟ್ಟು ಬಿಚ್ಚುತ್ತಿದ್ದ. ಅವನ ಕೈಯಿಂದ ಸ್ಪ್ಯಾನರ್ ಕಿತ್ತುಕೊಳ್ಳಲು ಹೋಗಿ ಬೈಸಿಕೊಂಡೆ. ಕೃಷ್ಣರಾಜನಗರ ಸೇರಿ, ಟ್ರಾವೆಲರ್ಸ್ ಬಂಗಲೆಗೆ ಓಡಿದಾಗ ಆಡಿಟರು ವರದಿಯ ಲಕೋಟೆಗೆ ಅಂಟು ಹಚ್ಚುತ್ತಿದ್ದರು. ನಡೆದದ್ದನ್ನು ಹೇಳಿದೆ, ಖಾತೆ ತೋರಿಸಿದೆ.

ಅವರು ಹೇಳಿದ್ದನ್ನು ಹಾಗೇ ನಂಬುವ ಜಾತಿಯವರಲ್ಲ. ಬಂಗಲೆಯ ಅಡುಗೆಯವನಿಂದ ಸೇರು, ರಾಗಿ ತರಿಸಿದರು. ನೆಲದ ಮೇಲೆ ಪತ್ರಿಕೆ ಹಾಸಿ, ಪಂಚೆ ಮೇಲೆತ್ತಿ ಕಟ್ಟಿ ಕುಕ್ಕರುಗಾಲಲ್ಲಿ ಕೂತು ತಾವೇ ಅಳೆದರು. ಎಂಟು ಗುಪ್ಪೆ ಸೇರು ಒಂಬತ್ತಾಯಿತು. ಇನ್ನೊಮ್ಮೆ ಅಳೆದರು. ಉಳಿದ ಇಪ್ಪತ್ತೈದು ಸೇರನ್ನು ಇಲಿಗೆ ಬಿಡಬಹುದು ಎಂದರು. ಕೈ ಒರೆಸಿಕೊಂಡು, ಗುಪ್ಪೆ ಕಟ್ಟಲು ಹೇಳಿದವರು ಯಾರು ಎಂದು ಕೇಳಿದರು.

“ನಾನು” ಎಂದೆ.

ಹಾಗಾದರೆ ಅದನ್ನೇ ಬರೆದುಕೊಡಿ ಎಂದು ಹಾಳೆ ಮುಂದಿಟ್ಟರು. ಬರೆದೆ. ಸಹಿ ಹಾಕಿದ ಮೇಲೆ ಅವರು ಚೀಲದಿಂದ ಆ ಹೆಬ್ಬೆಟ್ಟಿನ ಕಾಗದ ತೆಗೆದು ನನಗೆ ಕೊಟ್ಟರು. ಇದು ನನಗೆ ಬಂದೇ ಇಲ್ಲ ಎಂದರು, ನನ್ನ ಮುಖ ನೋಡದೆ.

ಮುಂದೆ ಸಂಘದ ಸಭೆ ನಡೆಯಿತು, ಕೂಗಾಟವೂ ಆಯಿತು. ನಷ್ಟದಲ್ಲಿ ಮೂರರಲ್ಲೊಂದು ಪಾಲನ್ನು ನನ್ನ ಸಂಬಳದಿಂದ ತಿಂಗಳಿಗೆ ಹತ್ತು ರೂಪಾಯಿಯಂತೆ ಹಿಡಿಯುವುದೆಂದು ಗೊತ್ತಾಯಿತು. ಕೆಲಸ ಉಳಿಯಿತು. ಆದರೆ ಅದೆಲ್ಲ ಆಮೇಲಿನ ಮಾತು. ಅವತ್ತು ವಾಪಸಿನ ಬಸ್ಸಿನಲ್ಲಿ ನನ್ನ ಜೇಬಿನಲ್ಲಿ ಆ ಕಾಗದವಿತ್ತು. ಹರಿದು ಕಿಟಕಿಯಿಂದ ಎಸೆದರೆ ಮುಗಿಯಿತು. ಅವನಿಗೆ ಓದಲು ಬಾರದು, ಒತ್ತಿದ್ದು ಏನೆಂದು ಸಾಯುವ ತನಕ ತಿಳಿಯುತ್ತಿರಲಿಲ್ಲ. ಎರಡು ಸಲ ಕೈ ಜೇಬಿಗೆ ಹೋಯಿತು.

ಸಂಘಕ್ಕೆ ಬಂದಾಗ ಅವನು ಜಗಲಿಯ ಮೇಲೆ ಕೂತು ಹರಿದ ಚೀಲ ಹೊಲಿಯುತ್ತಿದ್ದ. ಎದುರಿಗೆ ಕೂತು, ಸಿಕ್ಕಿತು ಎಂದೆ. ಗುಪ್ಪೆಯ ಲೆಕ್ಕ ಹೇಳಿದೆ. ಅವನು ತಲೆ ಆಡಿಸಿದ, ಅವನಿಗೆ ಅದು ಹೊಸ ಸುದ್ದಿಯಾಗಿರಲಿಲ್ಲ. ಗೊತ್ತಿದ್ದೂ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ನಾಲ್ಕು ಜನರ ಮುಂದೆ ನೀವು ಅಪ್ಪಣೆ ಮಾಡಿದ್ದಿರಿ, ಅದಕ್ಕೆ ಎದುರಾಡುವುದು ಹೇಗೆ ಎಂದ. ಆಮೇಲೆ ನಾನು ಜೇಬಿನಿಂದ ಕಾಗದ ತೆಗೆದು ಓದಿದೆ, ಮೊದಲಿನಿಂದ ಕೊನೆಯ ತನಕ. ಸೂಜಿ ನಿಂತಿತು. ಅವನು ತನ್ನ ಹೆಬ್ಬೆಟ್ಟಿನ ಗುರುತನ್ನು ಬಹಳ ಹೊತ್ತು ನೋಡಿದ.

“ಇದ ಅವತ್ತೇ ಓದ್‌ಬೌದಿತ್ತು ಬುದ್ದಿ” ಎಂದ.

ತಪ್ಪಾಯಿತು ಎಂದೆ. ಬುಡಿ ಬುದ್ದಿ ಎಂದು ಮತ್ತೆ ಹೊಲಿಯತೊಡಗಿದ. ಮರುದಿನ ಎಂದಿನ ಹಾಗೆ ಕೆಲಸಕ್ಕೆ ಬಂದ. ಸೇರು ಸವರಿ ಅಳೆದ. ನನ್ನ ಮೇಲೆ ಸಿಟ್ಟು ತೋರಿಸಲಿಲ್ಲ, ಮಾತೂ ಬಿಡಲಿಲ್ಲ. ಎಲ್ಲ ಸರಿಹೋಯಿತು ಎಂದೇ ನಾನು ತಿಳಿದೆ.

ತಿಂಗಳ ಕೊನೆಗೆ ಸಂಬಳದ ವೋಚರನ್ನು ಅವನ ಮುಂದಿಟ್ಟು, ಮಸಿಯ ಡಬ್ಬಿ ಸರಿಸಿದೆ. ಇದರಲ್ಲಿ ಇಪ್ಪತ್ತೆರಡು ರೂಪಾಯಿ ಎಂದು ಬರೆದಿದೆ ಎಂದು ಗಟ್ಟಿಯಾಗಿ ಓದಿಯೂ ಹೇಳಿದೆ. ಅವನು ಕೇಳಿಸಿಕೊಂಡ. ಒಂದ್ ಗಳಿಗೆ ಬುದ್ದಿ ಎಂದು ವೋಚರನ್ನು ಎರಡು ಕೈಯಲ್ಲೂ ಹಿಡಿದುಕೊಂಡು ರಸ್ತೆ ದಾಟಿದ. ಎದುರಿಗಿದ್ದ ಅಂಚೆ ಕಚೇರಿಯ ಪೋಸ್ಟ್‌ಮನ್ನಿನ ಹತ್ತಿರ ಅದನ್ನು ಓದಿಸಿದ. ವಾಪಸು ಬಂದು ಬೆರಳು ಅದ್ದಿ ಒತ್ತಿದ.

ನಾನು ಅಲ್ಲಿದ್ದ ಅಷ್ಟು ವರ್ಷವೂ ಪ್ರತಿ ತಿಂಗಳು ಹಾಗೆಯೇ ಮಾಡಿದ. ಅವನು ರಸ್ತೆ ದಾಟಿ ಬರುವ ತನಕ ನಾನು ಪೆಟ್ಟಿಗೆ ತೆರೆದುಕೊಂಡು ಕಾಯುತ್ತಿದ್ದೆ.